ಅಡುಗೆಮನೆಯ ಬ್ಲೈಂಡ್ ಅಂಟಂಟಾಗಿದೆ, ಬಿಚ್ಚಿ ನೆನೆಹಾಕಬಹುದೇ?

ಪ್ರಶ್ನೆ: ನಮ್ಮ ಮನೆಯ ಕಿಟಕಿಗಳಿಗೆ ಮೂರು ಬಗೆಯ ಬ್ಲೈಂಡ್‌ಗಳಿವೆ. ಅಡುಗೆಮನೆಗೆ ಸಣ್ಣ ಪಟ್ಟಿಗಳ ಅಲ್ಯೂಮಿನಿಯಂ ಬ್ಲೈಂಡ್, ಮಲಗುವ ಕೋಣೆಗೆ ಬೆಳಕು ಪೂರ್ತಿ ತಡೆಯುವ ರೋಲರ್ ಬ್ಲೈಂಡ್, ಹಿಂದಿನ ಕೋಣೆಗೆ ನಾವು ಬರುವ ಮೊದಲೇ ಇದ್ದ ತೀರಾ ಹಳೆಯ ಬಿಳಿ ಪ್ಲಾಸ್ಟಿಕ್ ಬ್ಲೈಂಡ್. ಅಡುಗೆಮನೆಯದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದಷ್ಟೂ ಬೂದು ಗೆರೆಗಳು ಬೀಳುತ್ತವೆ, ಮುಟ್ಟಿದರೆ ಕೈಗೆ ಅಂಟುತ್ತದೆ. ಎರಡು ಪಟ್ಟಿ ಮಡಚಿಹೋಗಿವೆ, ಮೇಲೆತ್ತುವ ದಾರ ನಡುನಡುವೆ ಸಿಕ್ಕಿಕೊಳ್ಳುತ್ತದೆ. ರೋಲರ್‌ನ ಕೆಳ ಅಂಚಿನಲ್ಲಿ ಕಪ್ಪು ಚುಕ್ಕೆಗಳು ಬಂದಿವೆ, ಸುತ್ತಿಕೊಳ್ಳುವಾಗ ಬಟ್ಟೆ ಎಡಕ್ಕೆ ಸರಿಯುತ್ತದೆ. ಪ್ಲಾಸ್ಟಿಕ್ಕಿನದ್ದು ಹಳದಿಗೆ ತಿರುಗಿದೆ. ಎಲ್ಲವನ್ನೂ ಬಿಚ್ಚಿ, ವಾಷಿಂಗ್ ಸೋಡಾ ಮತ್ತು ಬ್ಲೀಚ್ ಹಾಕಿದ ಬಿಸಿನೀರಿನಲ್ಲಿ ರಾತ್ರಿಯಿಡೀ ನೆನೆಸಿ ಎನ್ನುತ್ತಾರೆ ಒಬ್ಬರು. ದಾರಕ್ಕೆ ಎಣ್ಣೆ ಬಿಡಿ ಎನ್ನುತ್ತಾರೆ ಇನ್ನೊಬ್ಬರು. ಮನೆಯಲ್ಲಿ ಎರಡು ವರ್ಷದ ಮಗು ಇದೆ. ಏನು ಮಾಡಲಿ? ಎಷ್ಟು ದಿನಕ್ಕೊಮ್ಮೆ ಸ್ವಚ್ಛಗೊಳಿಸಬೇಕು?

ಉತ್ತರ: ರಾತ್ರಿಯಿಡೀ ನೆನೆಹಾಕುವ ಕೆಲಸ ಮಾತ್ರ ಬೇಡ. ಎಣ್ಣೆಯೂ ಬೇಡ. ಬ್ಲೈಂಡ್‌ಗಳು ಕೊಳೆಯಿಂದ ಹಾಳಾಗುವುದು ಕಡಿಮೆ, ತೊಳೆಯಲು ಹೋಗಿ ಹಾಳಾಗುವುದೇ ಹೆಚ್ಚು. ರಿಪೇರಿಗೆ ಬರುವ ಬ್ಲೈಂಡ್‌ಗಳಲ್ಲಿ ಪದೇ ಪದೇ ಕಾಣುವುದು ಬಣ್ಣ ಎದ್ದ ಪಟ್ಟಿ, ತುಕ್ಕು ಹಿಡಿದ ಹೆಡ್‌ರೇಲ್ (ಬ್ಲೈಂಡ್ ತೂಗುವ ಮೇಲಿನ ಚೌಕಟ್ಟು), ಹಿಂಬದಿಯ ಪದರ ಕಿತ್ತುಬಂದ ರೋಲರ್ ಬಟ್ಟೆ. ಇವು ಮೂರೂ ಹೆಚ್ಚಾಗಿ ಅತಿ ನೀರು, ಕಟು ರಾಸಾಯನಿಕ ಮತ್ತು ತಿಕ್ಕಾಟದ ಫಲ. ನಿಮ್ಮ ಮನೆಯ ಮೂರು ಬ್ಲೈಂಡ್‌ಗಳ ತೊಂದರೆ ಬೇರೆ ಬೇರೆಯಾದ್ದರಿಂದ ಉಪಾಯವೂ ಬೇರೆ ಬೇರೆ. ಪ್ಲಾಸ್ಟಿಕ್ಕಿನದ್ದಕ್ಕಂತೂ ತೊಳೆಯುವುದು ಉಪಾಯವೇ ಅಲ್ಲ.

ಮೊದಲು ಅಡುಗೆಮನೆಯದ್ದು. ಒಗ್ಗರಣೆಯಿಂದಲೋ ಕರಿಯುವುದರಿಂದಲೋ ಏಳುವ ಎಣ್ಣೆಯ ಆವಿ ತಣ್ಣಗಿನ ಲೋಹದ ಪಟ್ಟಿಗಳ ಮೇಲೆ ತೆಳುವಾಗಿ ಕೂರುತ್ತದೆ. ಅದರ ಮೇಲೆ ಧೂಳು ಅಂಟುತ್ತದೆ. ಕೆಲವು ವಾರಗಳಲ್ಲಿ ಗಾಳಿಯ ಆಮ್ಲಜನಕ ಸೇರಿ ಆ ಎಣ್ಣೆ ಮಂದವಾಗುತ್ತ, ಕೊನೆಗೆ ವಾರ್ನಿಶ್ ತರಹದ ಅಂಟು ಪದರವಾಗುತ್ತದೆ. ಹೊಸ ಜಿಡ್ಡು ಸೋಪಿಗೆ ತಕ್ಷಣ ಬಿಡುತ್ತದೆ. ಈ ಹಳೆಯ ಪದರಕ್ಕೆ ಸಮಯ ಬೇಕು. ಬಲವಾದ ರಾಸಾಯನಿಕ ಬೇಕಾಗುವುದಿಲ್ಲ.

ಬೂದು ಗೆರೆ ಬೀಳುವುದು ಧೂಳನ್ನು ಒಣಗಿದ್ದಾಗಲೇ ತೆಗೆಯದೆ ನೀರು ಮುಟ್ಟಿಸಿದ್ದರಿಂದ. ಒದ್ದೆ ಬಟ್ಟೆ ತಾಗಿದೊಡನೆ ಧೂಳು ಕೆಸರಾಗುತ್ತದೆ. ಮೂರನೆಯ ಪಟ್ಟಿಗೆ ಬರುವಷ್ಟರಲ್ಲಿ ನೀವು ಒರೆಸುತ್ತಿರುವುದಿಲ್ಲ, ಆ ಕೆಸರನ್ನೇ ಬಳಿಯುತ್ತಿರುತ್ತೀರಿ. 25 ಮಿಲಿಮೀಟರ್ ಅಗಲದ ಪಟ್ಟಿಗಳಿರುವ 150 ಸೆಂಟಿಮೀಟರ್ ಎತ್ತರದ ಬ್ಲೈಂಡ್‌ನಲ್ಲಿ ಸುಮಾರು 70 ಪಟ್ಟಿಗಳಿರುತ್ತವೆ, ಅಂದರೆ 140 ಮುಖಗಳು. ಒಂದೇ ಬಟ್ಟೆ, ಒಂದೇ ಬಕೆಟ್ ನೀರಿನಲ್ಲಿ ಇದು ಮುಗಿಯುವ ಕೆಲಸವಲ್ಲ.

ವಾಷಿಂಗ್ ಸೋಡಾ ಯಾಕೆ ಬೇಡ ಎಂದರೆ ಅದು ಪ್ರಬಲ ಕ್ಷಾರ. ಅಲ್ಯೂಮಿನಿಯಂ ಅನ್ನು ಕಾಯುವುದು ಅದರ ಮೈಮೇಲೆ ತಾನಾಗಿಯೇ ಮೂಡುವ ಆಕ್ಸೈಡಿನ ತೆಳು ಪೊರೆ. ಕ್ಷಾರ ಆ ಪೊರೆಯನ್ನು ಕರಗಿಸಿ ಲೋಹವನ್ನೇ ತಿನ್ನತೊಡಗುತ್ತದೆ. ಪಟ್ಟಿಗೆ ಬಣ್ಣವಿದೆಯಲ್ಲ ಎಂದರೆ, ದಾರ ಹಾಯುವ ತೂತುಗಳ ಅಂಚಿನಲ್ಲೂ ಎರಡು ತುದಿಗಳಲ್ಲೂ ಲೋಹ ಬರಿದಾಗಿಯೇ ಇರುತ್ತದೆ. ನೀರು ಅಲ್ಲಿಂದ ಒಳನುಗ್ಗಿ ಬಣ್ಣವನ್ನು ಎಬ್ಬಿಸುತ್ತದೆ. ಬೆಳಗ್ಗೆ ತೆಗೆದಾಗ ಪಟ್ಟಿ ಮಂಕಾಗಿ, ತೂತಿನ ಸುತ್ತ ಕಪ್ಪಗಾಗಿರುವುದು ಇದರಿಂದಲೇ. ಪಟ್ಟಿಯ ದಪ್ಪ ಹೆಚ್ಚೆಂದರೆ 0.2 ಮಿಲಿಮೀಟರಿನ ಆಸುಪಾಸು, ಕಳೆದುಕೊಳ್ಳಲು ಲೋಹವೇ ಹೆಚ್ಚಿಲ್ಲ. ಬ್ಲೀಚ್ ಅಲ್ಯೂಮಿನಿಯಂ ಮತ್ತು ಉಕ್ಕು ಎರಡನ್ನೂ ತಿನ್ನುತ್ತದೆ, ಜಿಡ್ಡಿಗೆ ಅದರಿಂದ ಉಪಯೋಗವೂ ಇಲ್ಲ. ಇನ್ನೊಂದು ಮಾತು ನೆನಪಿರಲಿ: ಬ್ಲೀಚ್ ಜೊತೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ, ಅಮೋನಿಯಾ ಇರುವ ಗಾಜು ಒರೆಸುವ ದ್ರವ ಸೇರಿದರೆ ಕ್ಲೋರಮೀನ್. ಎರಡೂ ಶ್ವಾಸಕೋಶಕ್ಕೆ ಅಪಾಯ. ಮುಚ್ಚಿದ ಬಚ್ಚಲಿನಲ್ಲಿ ಇಂಥ ಪ್ರಯೋಗ ಮಾಡಲೇಬಾರದು.

ಇನ್ನು ಮಾಡುವ ಕ್ರಮ. ಬ್ಲೈಂಡನ್ನು ಕಿಟಕಿಯಲ್ಲೇ ಬಿಟ್ಟು ಪೂರ್ತಿ ಇಳಿಸಿ. ಪಟ್ಟಿಗಳನ್ನು ಒಂದು ಕಡೆಗೆ ಓರೆ ಮಾಡಿ. ಪೂರ್ತಿ ಬಿಗಿಯಾಗಿ ಮುಚ್ಚಬೇಡಿ, ಸ್ವಲ್ಪ ಸಡಿಲವಿದ್ದರೆ ಒತ್ತಿದಾಗ ಪಟ್ಟಿ ಮಡಚುವುದಿಲ್ಲ. ಮೆತ್ತನೆಯ ಬ್ರಷ್ ತುದಿ ಹಾಕಿದ ವ್ಯಾಕ್ಯೂಮ್ ಕ್ಲೀನರನ್ನು ಕಡಿಮೆ ವೇಗದಲ್ಲಿಟ್ಟು ಮೇಲಿನಿಂದ ಕೆಳಕ್ಕೆ ಬನ್ನಿ. ವ್ಯಾಕ್ಯೂಮ್ ಇಲ್ಲದಿದ್ದರೆ ಒಣ ಮೈಕ್ರೋಫೈಬರ್ ಬಟ್ಟೆ ಸಾಕು. ಪಟ್ಟಿಯ ಉದ್ದಕ್ಕೇ ಎಳೆಯಿರಿ, ಅಡ್ಡಲಾಗಿ ಅಲ್ಲ. ಆಮೇಲೆ ಪಟ್ಟಿಗಳನ್ನು ಇನ್ನೊಂದು ಕಡೆಗೆ ತಿರುಗಿಸಿ ಮತ್ತೆ ಇದನ್ನೇ ಮಾಡಿ. ಹೆಡ್‌ರೇಲ್‌ನ ಮೇಲ್ಭಾಗವನ್ನು ಮರೆಯಬೇಡಿ. ಅದು ಮೇಲ್ಬದಿ ತೆರೆದಿರುವ ಉದ್ದನೆಯ ತೊಟ್ಟಿಯಂತಿರುತ್ತದೆ, ವರ್ಷಗಟ್ಟಲೆಯ ಧೂಳು ಅಲ್ಲೇ ಕೂತಿರುತ್ತದೆ. ನಿಮ್ಮ ದಾರ ಸಿಕ್ಕಿಕೊಳ್ಳುವುದಕ್ಕೂ ಅದಕ್ಕೂ ನಂಟಿದೆ, ಮುಂದೆ ಹೇಳುತ್ತೇನೆ.

ಒಣ ಕೆಲಸ ಮುಗಿದ ಮೇಲೆ ಎರಡು ಬಕೆಟ್ ತೆಗೆದುಕೊಳ್ಳಿ. ಒಂದರಲ್ಲಿ ಒಂದು ಲೀಟರ್ ಉಗುರುಬೆಚ್ಚನೆ ನೀರಿಗೆ ಒಂದು ಟೀ ಚಮಚ ಪಾತ್ರೆ ತೊಳೆಯುವ ದ್ರವ, ಇನ್ನೊಂದರಲ್ಲಿ ಬರೀ ನೀರು. ಬಟ್ಟೆಯನ್ನು ಸೋಪು ನೀರಿನಲ್ಲಿ ಅದ್ದಿ ಹನಿ ಬೀಳದಂತೆ ಹಿಂಡಿ ಒಂದು ಹತ್ತು ಪಟ್ಟಿಗಳಿಗೆ ಹಚ್ಚಿ, ಮೂರು ನಾಲ್ಕು ನಿಮಿಷ ಹಾಗೇ ಬಿಡಿ. ಇಲ್ಲಿ ಅವಸರ ಮಾಡುವುದೇ ದೊಡ್ಡ ತಪ್ಪು. ಜಿಡ್ಡಿನ ಪದರ ಊದಿ ಸಡಿಲವಾಗಲು ಅಷ್ಟು ಹೊತ್ತು ಬೇಕು. ಆಮೇಲೆ ಒಂದು ಕೈಯಿಂದ ಪಟ್ಟಿಯ ಅಡಿಗೆ ಆಸರೆ ಕೊಟ್ಟು, ಇನ್ನೊಂದು ಕೈಯಲ್ಲಿ ಬಟ್ಟೆಯನ್ನು ಪಟ್ಟಿಯ ಸುತ್ತ ಹಿಡಿದು ಒರೆಸಿ. ಕೈಗೆ ಹಳೆಯ ಹತ್ತಿ ಕಾಲುಚೀಲ ಹಾಕಿಕೊಂಡರೆ ಎರಡೂ ಮುಖ ಒಟ್ಟಿಗೇ ಒರೆಸಬಹುದು. ಏಣಿಯಂತೆ ಪಟ್ಟಿಗಳನ್ನು ಹೊತ್ತಿರುವ ತೆಳು ದಾರಗಳಿವೆಯಲ್ಲ, ಒಂದು ದಾರದಿಂದ ಇನ್ನೊಂದರವರೆಗೆ ಒರೆಸಿ ಅಲ್ಲಿ ನಿಲ್ಲಿಸಿ. ದಾರದ ಮೇಲೆಯೇ ಬಟ್ಟೆ ಎಳೆದರೆ ಪಟ್ಟಿ ಜಾಗ ತಪ್ಪುತ್ತದೆ, ಕೆಲವೊಮ್ಮೆ ದಾರವೇ ಹರಿಯುತ್ತದೆ. ಬರೀ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ ಸೋಪನ್ನು ಪೂರ್ತಿ ತೆಗೆಯಬೇಕು, ಉಳಿದ ಸೋಪಿನ ಪೊರೆ ಮುಂದಿನ ಧೂಳಿಗೆ ಅಂಟು. ಕೊನೆಗೆ ಒಣ ಬಟ್ಟೆ. ಇಪ್ಪತ್ತು ಪಟ್ಟಿಗೊಮ್ಮೆಯಾದರೂ ನೀರು ಬದಲಿಸಿ. ಇಡೀ ಕೆಲಸಕ್ಕೆ ಒಂದೂವರೆ ಗಂಟೆ ಹಿಡಿಯುತ್ತದೆ. ಹೆಚ್ಚು ಜಿಡ್ಡಿದ್ದರೆ ಮರುದಿನ ಎರಡನೆಯ ಸುತ್ತು ಮಾಡಿ, ದ್ರವವನ್ನು ಎರಡರಷ್ಟು ಹಾಕಬೇಡಿ.

ಸೋಪಿಗೂ ಬಿಡದ ಹಳದಿ ಹನಿಗಳಿದ್ದರೆ ಹತ್ತಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಆ ಹನಿಯ ಮೇಲಷ್ಟೇ ಒತ್ತಿ. ಮೊದಲು ಕಣ್ಣಿಗೆ ಬೀಳದ ಪಟ್ಟಿಯ ಮೂಲೆಯಲ್ಲಿ ಪರೀಕ್ಷಿಸಿ. ಹತ್ತಿಗೆ ಬಣ್ಣ ಬಂದರೆ ಅಲ್ಲಿಗೇ ನಿಲ್ಲಿಸಿ. ಒಲೆ ಆರಿರಲಿ, ಕಿಟಕಿ ತೆರೆದಿರಲಿ. ಥಿನ್ನರ್ ಮತ್ತು ಅಸಿಟೋನ್ ಬೇಡ, ಅವು ಬಣ್ಣವನ್ನೇ ಕರಗಿಸುತ್ತವೆ. ಪಾತ್ರೆ ಉಜ್ಜುವ ಒರಟು ನಾರು ಬಣ್ಣಕ್ಕೆ ಗೀರು ಹಾಕುತ್ತದೆ, ಆ ಗೀರುಗಳಲ್ಲಿ ಜಿಡ್ಡು ಇನ್ನೂ ಗಟ್ಟಿಯಾಗಿ ಕೂರುತ್ತದೆ.

ಬಿಚ್ಚಿ ನೆನೆಹಾಕುವುದು ಎಂದೂ ತಪ್ಪು ಎಂದು ಹೇಳುತ್ತಿಲ್ಲ. ಎರಡು ಸುತ್ತಿನ ನಂತರವೂ ಅಂಟು ಹೋಗದಿದ್ದರೆ ಅಲ್ಯೂಮಿನಿಯಂ ಬ್ಲೈಂಡನ್ನು ಬಿಚ್ಚಿ ಉಗುರುಬೆಚ್ಚನೆ ಸೋಪು ನೀರಿನಲ್ಲಿ 10ರಿಂದ 15 ನಿಮಿಷ ಇಡಬಹುದು. ಪಟ್ಟಿಗಳು ಮಾತ್ರ ಮುಳುಗಬೇಕು, ಹೆಡ್‌ರೇಲ್ ತೊಟ್ಟಿಯ ಅಂಚಿನ ಮೇಲಿರಬೇಕು. ಪಟ್ಟಿಗಳು ಅಲ್ಯೂಮಿನಿಯಂ ಆದರೂ ಹೆಡ್‌ರೇಲ್ ಎಷ್ಟೋ ಬಾರಿ ಬಣ್ಣ ಬಳಿದ ಉಕ್ಕಿನದು. ಒಳಗೆ ಪಟ್ಟಿಗಳನ್ನು ತಿರುಗಿಸುವ ಲೋಹದ ಸರಳು, ಪ್ಲಾಸ್ಟಿಕ್ ಗೇರು, ದಾರದ ಲಾಕ್ ಇರುತ್ತವೆ. ಅಲ್ಲಿ ನಿಂತ ನೀರು ಒಣಗಲು ದಿನಗಟ್ಟಲೆ ಬೇಕು, ಅಷ್ಟರಲ್ಲಿ ತುಕ್ಕು ಶುರುವಾಗುತ್ತದೆ. ಬಿಚ್ಚುವಾಗ ಹೆಡ್‌ರೇಲನ್ನು ನಡುವಿನಲ್ಲಿ ಮಾತ್ರ ಹಿಡಿಯಬೇಡಿ, ಎರಡೂ ಕಡೆ ಒಬ್ಬೊಬ್ಬರು ಹಿಡಿಯಿರಿ. ಪಟ್ಟಿಗಳು ಮಡಚುವುದು ಬಹುತೇಕ ಇಳಿಸುವ, ಏರಿಸುವ ಹೊತ್ತಿನಲ್ಲೇ. ತೊಳೆದ ಮೇಲೆ ಪೂರ್ತಿ ಇಳಿಬಿಟ್ಟು ನೆರಳಿನಲ್ಲಿ ತೂಗುಹಾಕಿ ಒಣಗಿಸಿ.

ಮಡಚಿದ ಎರಡು ಪಟ್ಟಿಗಳ ವಿಷಯ. ಬರೀ ಬಾಗಿದ್ದರೆ ಹೆಬ್ಬೆರಳಿನಿಂದ ಎದುರು ದಿಕ್ಕಿಗೆ ಮೆಲ್ಲಗೆ ತೀಡಿದರೆ ಸರಿಹೋಗುತ್ತದೆ. ಚೂಪಾದ ಗೆರೆ ಮೂಡಿದ್ದರೆ ಅದು ಹೋಗುವುದಿಲ್ಲ, ಆ ಜಾಗದಲ್ಲಿ ಲೋಹ ಗಡುಸಾಗಿರುತ್ತದೆ, ಮತ್ತೆ ಮತ್ತೆ ಬಗ್ಗಿಸಿದರೆ ಸೀಳುತ್ತದೆ. ಆದರೆ ಹೊಸ ಪಟ್ಟಿ ಹುಡುಕಿಕೊಂಡು ಹೋಗಬೇಕಿಲ್ಲ. ಬಹಳಷ್ಟು ಬ್ಲೈಂಡ್‌ಗಳು ಕಿಟಕಿಗಿಂತ ಒಂದೆರಡು ಪಟ್ಟಿ ಉದ್ದವಾಗಿಯೇ ಇರುತ್ತವೆ, ಕೆಳಗೆ ಕಿಟಕಿಯ ಕಟ್ಟೆಯ ಮೇಲೆ ಕೂತಿರುವ ಪಟ್ಟಿಗಳು ಕೆಲಸವಿಲ್ಲದವು. ಕೆಳಗಿನ ರೇಲ್‌ನ ಅಡಿಯಲ್ಲಿರುವ ಪ್ಲಾಸ್ಟಿಕ್ ಗುಂಡಿಗಳನ್ನು ತೆಳು ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿ. ಒಳಗೆ ದಾರದ ಗಂಟು ಕಾಣುತ್ತದೆ. ಗಂಟು ಬಿಚ್ಚಿ ದಾರವನ್ನು ಮಡಚಿದ ಪಟ್ಟಿಯ ತನಕ ಮಾತ್ರ ಮೇಲೆ ಎಳೆದುಕೊಳ್ಳಿ, ಪೂರ್ತಿ ಎಳೆದರೆ ಮತ್ತೆ ಪೋಣಿಸುವುದು ಕಷ್ಟ. ಹಾಳಾದ ಪಟ್ಟಿಯನ್ನು ಪಕ್ಕಕ್ಕೆ ಜಾರಿಸಿ ತೆಗೆದು, ತೀರಾ ಕೆಳಗಿನ ಒಳ್ಳೆಯ ಪಟ್ಟಿಯನ್ನು ಅಲ್ಲಿಗೆ ತಂದು ಕೂರಿಸಿ, ಉಬ್ಬಿದ ಮುಖ ಉಳಿದವುಗಳಂತೆಯೇ ಇರಲಿ. ಈಗ ದಾರವನ್ನು ತೂತುಗಳ ಮೂಲಕ ಇಳಿಸುವಾಗ ಏಣಿದಾರದ ಅಡ್ಡ ಮೆಟ್ಟಿಲುಗಳ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾಯಿಸಿ. ಹೀಗೆ ಹೆಣೆಯದಿದ್ದರೆ ಏಣಿದಾರ ಜಾಗ ಬಿಟ್ಟು ಸರಿಯುತ್ತದೆ. ಏಣಿದಾರದಲ್ಲಿ ಉಳಿದ ಖಾಲಿ ಮೆಟ್ಟಿಲುಗಳನ್ನು ರೇಲ್‌ನ ಒಳಗೆ ಮಡಚಿಡಿ, ಗಂಟು ಹಾಕಿ ಗುಂಡಿ ಒತ್ತಿ.

ದಾರ ಸಿಕ್ಕಿಕೊಳ್ಳುವುದಕ್ಕೆ ಬರೋಣ. ಹೆಡ್‌ರೇಲ್‌ನ ಒಂದು ತುದಿಯಲ್ಲಿ ಲಾಕ್ ಇರುತ್ತದೆ, ಅದರೊಳಗೆ ಗೀರುಗಳಿರುವ ಪುಟ್ಟ ಉರುಳೆ. ದಾರವನ್ನು ಒಂದು ಕಡೆಗೆ ಓರೆಯಾಗಿ ಹಿಡಿದು ಬಿಟ್ಟರೆ ಉರುಳೆ ದಾರವನ್ನು ಕಚ್ಚುತ್ತದೆ, ಬ್ಲೈಂಡ್‌ನ ನಡುಭಾಗದ ಕಡೆಗೆ ಎಳೆದರೆ ಬಿಡುತ್ತದೆ. ಧೂಳು ತುಂಬಿದರೆ ಆ ಉರುಳೆ ಮೇಲೆದ್ದು ಜಾರುವುದಿಲ್ಲ. ಸಿಕ್ಕಿಕೊಂಡಾಗ ಜಗ್ಗಬೇಡಿ. ಕೆಳಗಿನ ರೇಲನ್ನು ಒಂದು ಕೈಯಲ್ಲಿ ಒಂದೆರಡು ಸೆಂಟಿಮೀಟರ್ ಮೇಲೆತ್ತಿ ಭಾರ ಇಳಿಸಿ, ಆಮೇಲೆ ದಾರವನ್ನು ನಡುವಿನ ಕಡೆಗೆ ಎಳೆಯಿರಿ, ಲಾಕ್ ಬಿಡುತ್ತದೆ. ಬಿಟ್ಟ ಮೇಲೆ ಲಾಕ್‌ನ ಸಂದನ್ನು ಒಣ ಬ್ರಷ್ಷಿನಿಂದ ಗುಡಿಸಿ, ಕೈಪಂಪಿನಿಂದ ಗಾಳಿ ಊದಿ. ಎಣ್ಣೆ ಹಾಕಿದರೆ ಆ ದಿನ ಸಲೀಸಾಗಿ ಓಡುತ್ತದೆ, ನಿಜ. ತಿಂಗಳೊಳಗೆ ಎಣ್ಣೆ ಧೂಳು ಸೇರಿ ಲೇಹ್ಯದಂತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಲಾಕ್ ಕೆಲಸ ಮಾಡುವುದೇ ಘರ್ಷಣೆಯಿಂದ. ದಾರಕ್ಕೆ ಎಣ್ಣೆ ಹತ್ತಿದರೆ ಬ್ಲೈಂಡ್ ಎತ್ತಿದಲ್ಲಿ ನಿಲ್ಲದೆ ಜಾರಿ ಬೀಳುತ್ತದೆ. ಪಟ್ಟಿ ತಿರುಗಿಸುವ ಗೇರು ಕಿರುಗುಟ್ಟುತ್ತಿದ್ದರೆ ಮಾತ್ರ ಹತ್ತಿಯ ಕಡ್ಡಿಗೆ ಸ್ವಲ್ಪ ಸಿಲಿಕೋನ್ ಸ್ಪ್ರೇ ಹಾಕಿಕೊಂಡು ಗೇರಿಗೆ ತಾಗಿಸಿ. ಲಾಕ್ ಕಚ್ಚುವ ಜಾಗದಲ್ಲಿ ದಾರ ನಾರುನಾರಾಗಿದ್ದರೆ ದಾರವನ್ನೇ ಬದಲಿಸುವ ಕಾಲ ಬಂದಿದೆ. ಹೊಸದು ಹಳೆಯದರಷ್ಟೇ ದಪ್ಪವಿರಬೇಕು. ತೆಳುವಾದದ್ದು ಲಾಕ್‌ಗೆ ಸಿಗುವುದಿಲ್ಲ, ದಪ್ಪನೆಯದು ಅದರಲ್ಲಿ ಓಡುವುದಿಲ್ಲ.

ರೋಲರ್ ಬ್ಲೈಂಡ್‌ನ ಕಪ್ಪು ಚುಕ್ಕೆ ಏನೆಂದು ಮೊದಲು ಗುರುತಿಸಿ. ಉಗುರಿಗೆ ಸಿಗುವಂತೆ ಉಬ್ಬಿದ್ದು, ಎಲ್ಲೆಂದರಲ್ಲಿ ಬಿದ್ದಿದ್ದರೆ ಅವು ನೊಣ, ಕೀಟಗಳ ಹಿಕ್ಕೆ. ಒದ್ದೆ ಸ್ಪಂಜಿಗೆ ಬಿಡುತ್ತವೆ. ಕೆಳ ಅಂಚಿಗೂ ಪಕ್ಕಗಳಿಗೂ ಸೀಮಿತವಾಗಿದ್ದು, ಗಾಜಿನ ಕಡೆಗೆ ಹೆಚ್ಚಾಗಿ, ಬಟ್ಟೆಯೊಳಗೇ ಇಳಿದಂತಿದ್ದರೆ ಅದು ಬೂಷ್ಟು. ನೀವು ಬರೆದಿರುವುದು ನೋಡಿದರೆ ಬೂಷ್ಟೇ ಇರಬೇಕು. ಇಳಿಬಿಟ್ಟ ರೋಲರ್ ಹಿಂದೆ ಗಾಳಿ ಆಡುವುದಿಲ್ಲ, ಮಲಗಿದವರ ಉಸಿರಿನ ತೇವ ತಣ್ಣಗಿನ ಗಾಜಿನ ಮೇಲೆ ಹನಿಗಟ್ಟಿ ಕೆಳಗಿಳಿಯುತ್ತದೆ, ಕೆಳ ಅಂಚು ಅದನ್ನು ಹೀರುತ್ತದೆ. ಆದ್ದರಿಂದ ಚುಕ್ಕೆ ತೆಗೆದರೆ ಮುಗಿಯಲಿಲ್ಲ. ಬೆಳಗ್ಗೆ ಎದ್ದೊಡನೆ ಗಾಜು, ಕಿಟಕಿಯ ಕಟ್ಟೆ ಎರಡನ್ನೂ ಒರೆಸಿ, ಕಿಟಕಿ ತೆರೆದು ಹದಿನೈದು ನಿಮಿಷ ಗಾಳಿಯಾಡಿಸಿ. ಕೋಣೆಯ ತೇವಾಂಶ ಶೇಕಡಾ 60 ದಾಟದಂತೆ ನೋಡಿಕೊಳ್ಳುವುದು ಒಳ್ಳೆಯದು. ಬಟ್ಟೆ ಒಣಗಿದ ಮೇಲಷ್ಟೇ ಸುತ್ತಿ. ತೇವವಿರುವಾಗ ಸುತ್ತಿದರೆ ಕೆಳಗಿದ್ದ ಬೂಷ್ಟಿಗೆ ಇಡೀ ಬಟ್ಟೆಯನ್ನು ಹಾಸಿಕೊಟ್ಟಂತೆ.

ಇದ್ದ ಚುಕ್ಕೆಗಳನ್ನು ತೆಗೆಯಲು ಮೊದಲು ಬ್ಲೈಂಡನ್ನು ಪೂರ್ತಿ ಇಳಿಸಿ ಎರಡೂ ಬದಿ ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆಯಿರಿ. ಆದರೆ ಬೂಷ್ಟಿರುವ ಭಾಗವನ್ನು ಒಣಗಿದ್ದಾಗ ಉಜ್ಜಬೇಡಿ, ಅದರ ಬೀಜಕಣಗಳು ಹಾರುತ್ತವೆ. ಅಲ್ಲಿ ಸೋಪು ನೀರಿನ ಸ್ಪಂಜನ್ನು ಒತ್ತಿ ತೆಗೆಯಿರಿ. ಬಿಳಿ ಅಥವಾ ತಿಳಿಬಣ್ಣದ ಪಾಲಿಯೆಸ್ಟರ್ ಆಗಿದ್ದರೆ ಶೇಕಡಾ 3ರ ಹೈಡ್ರೋಜನ್ ಪೆರಾಕ್ಸೈಡ್ ಅನ್ನು ಹತ್ತಿಯಿಂದ ಚುಕ್ಕೆಗೆ ಮುಟ್ಟಿಸಿ ಹತ್ತು ನಿಮಿಷ ಬಿಟ್ಟು ನೀರಿನ ಸ್ಪಂಜಿನಿಂದ ತೆಗೆಯಬಹುದು. ಗಾಢ ಬಣ್ಣವಾದರೆ ಅದು ಬಣ್ಣ ಕಳೆಯುವ ಅಪಾಯವಿದೆ, ಕೆಳ ಅಂಚಿನ ಹಿಂಬದಿಯಲ್ಲಿ ಪರೀಕ್ಷಿಸದೆ ಹಚ್ಚಬೇಡಿ. ಬೂಷ್ಟು ಸತ್ತರೂ ನೆರಳಿನಂಥ ಕಲೆ ಉಳಿಯಬಹುದು, ಅದನ್ನು ತಿಕ್ಕಿ ತೆಗೆಯಲು ಹೋಗಬೇಡಿ. ಬೆಳಕು ತಡೆಯುವ ಬಟ್ಟೆಯ ಹಿಂದೆ ತೆಳು ನೊರೆಯಂಥ ಲೇಪವಿರುತ್ತದೆ. ತಿಕ್ಕಿದರೆ ಅದು ಸವೆದು ಸೂಜಿಮೊನೆಯಷ್ಟು ತೂತುಗಳಾಗುತ್ತವೆ, ಹಗಲಿನಲ್ಲಿ ನಕ್ಷತ್ರಗಳಂತೆ ಬೆಳಕು ತೂರುತ್ತದೆ. ಅದನ್ನು ಸರಿಪಡಿಸುವ ದಾರಿ ಇಲ್ಲ. ಇದೇ ಕಾರಣಕ್ಕೆ ಇಂಥ ಬಟ್ಟೆಯನ್ನು ವಾಷಿಂಗ್ ಮಷಿನ್ನಿಗೂ ಹಾಕಬಾರದು, ಶಬ್ದತರಂಗದ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆಯುವವರಿಗೂ ಕೊಡಬಾರದು. ಅಲ್ಯೂಮಿನಿಯಂ ಪಟ್ಟಿಗಳಿಗೆ ಆ ವಿಧಾನ ಚೆನ್ನಾಗಿಯೇ ಒಗ್ಗುತ್ತದೆ, ಕ್ಷಾರದ ದ್ರವ ಬಳಸುವುದಿಲ್ಲ ಎಂದು ಕೇಳಿ ಖಾತ್ರಿ ಮಾಡಿಕೊಂಡರೆ ಸಾಕು. ಅಂಚಿನಲ್ಲಿ ನೂಲು ಎದ್ದಿದ್ದರೆ ಕತ್ತರಿಯಿಂದ ಕತ್ತರಿಸಿ, ಎಳೆಯಬೇಡಿ.

ಎಡಕ್ಕೆ ಸರಿಯುವುದಕ್ಕೆ ಬಟ್ಟೆ ಕಾರಣವಲ್ಲದಿರಬಹುದು. ಎರಡು ಬ್ರಾಕೆಟ್‌ಗಳು ಒಂದೇ ಮಟ್ಟದಲ್ಲಿವೆಯೇ ಎಂದು ಮಟ್ಟಗೋಲಿಟ್ಟು ನೋಡಿ, ಒಂದರ ಸ್ಕ್ರೂ ಸಡಿಲವಾಗಿದ್ದರೂ ಸಾಕು. ಅದು ಸರಿಯಿದ್ದರೆ ಬಟ್ಟೆಯನ್ನು ಪೂರ್ತಿ ಇಳಿಸಿ ಅದು ಸುತ್ತಿಕೊಳ್ಳುವ ಕೊಳವೆ ಕಾಣುವಂತೆ ಮಾಡಿ, ಸರಿಯುತ್ತಿರುವ ದಿಕ್ಕಿನ ಎದುರು ತುದಿಗೆ, ನಿಮ್ಮಲ್ಲಿ ಬಲತುದಿಗೆ, ಎರಡು ಮೂರು ಸೆಂಟಿಮೀಟರ್ ಉದ್ದದ ಕಾಗದದ ಟೇಪಿನ ಒಂದು ಪದರ ಅಂಟಿಸಿ. ಅಲ್ಲಿ ಕೊಳವೆಯ ಸುತ್ತಳತೆ ಕೂದಲೆಳೆಯಷ್ಟು ಹೆಚ್ಚುತ್ತದೆ, ಬಟ್ಟೆ ಆ ಕಡೆಗೆ ಸರಿಯುತ್ತದೆ. ಒಮ್ಮೆ ಪೂರ್ತಿ ಸುತ್ತಿ ನೋಡಿ, ಸಾಲದಿದ್ದರೆ ಇನ್ನೊಂದು ಪದರ. ಹಾಗೇ ಬಿಟ್ಟರೆ ಅಂಚು ಬ್ರಾಕೆಟ್ಟಿಗೆ ಉಜ್ಜಿ ಹರಿಯುತ್ತದೆ. ಮಣಿಸರ ಎಳೆಯುವ ಕಡೆಯ ಕ್ಲಚ್‌ಗೆ ಎಣ್ಣೆ ಹಾಕಬೇಡಿ. ಅದರೊಳಗಿನ ಸ್ಪ್ರಿಂಗ್ ಕೊಳವೆಯನ್ನು ಹಿಡಿದು ನಿಲ್ಲಿಸುವುದೂ ಘರ್ಷಣೆಯಿಂದಲೇ.

ಹಳದಿಯಾದ ಪ್ಲಾಸ್ಟಿಕ್ ಬ್ಲೈಂಡನ್ನು ತೆಗೆದುಬಿಡಿ ಎಂಬುದೇ ನನ್ನ ಸ್ಪಷ್ಟ ಸಲಹೆ. ಆ ಹಳದಿ ಕೊಳೆಯಲ್ಲ. ಬಿಸಿಲಿನ ಅತಿನೇರಳೆ ಕಿರಣಗಳಿಂದ ಪಿವಿಸಿಯ ರಚನೆಯೇ ಮುರಿದಿರುವುದರ ಗುರುತು ಅದು, ಯಾವ ದ್ರವವೂ ಅದನ್ನು ಹಿಂದಕ್ಕೆ ತಿರುಗಿಸದು. ಬಿಸಿನೀರು ಪಿವಿಸಿಯನ್ನು ಮೆತ್ತಗಾಗಿಸಿ ಪಟ್ಟಿಗಳನ್ನು ಸೊಟ್ಟ ಮಾಡುತ್ತದೆ. ಮಗುವಿರುವ ಮನೆಯಲ್ಲಿ ಇನ್ನೊಂದು ಆತಂಕವೂ ಇದೆ. 1996ರಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಅಲ್ಲಿಗೆ ಆಮದಾಗುತ್ತಿದ್ದ ಪ್ಲಾಸ್ಟಿಕ್ ಮಿನಿ ಬ್ಲೈಂಡ್‌ಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಪ್ಲಾಸ್ಟಿಕ್ ಗಟ್ಟಿಯಾಗಿರಲೆಂದು ಸೇರಿಸಿದ್ದ ಸೀಸ, ಬಿಸಿಲು ಮತ್ತು ಶಾಖಕ್ಕೆ ಪ್ಲಾಸ್ಟಿಕ್ ಸವೆದಂತೆ ಮೈಮೇಲೆ ಧೂಳಾಗಿ ಕೂರುತ್ತಿತ್ತು. ಆರು ವರ್ಷದವರೆಗಿನ ಮಕ್ಕಳಿರುವ ಮನೆಗಳಲ್ಲಿ ಅಂಥ ಬ್ಲೈಂಡ್‌ಗಳನ್ನು ತೆಗೆಯಿರಿ ಎಂದು ಆಯೋಗ ಹೇಳಿತ್ತು. ತೊಳೆದರೂ ಪ್ಲಾಸ್ಟಿಕ್ ಸವೆಯುತ್ತಲೇ ಇರುವುದರಿಂದ ಧೂಳು ಮತ್ತೆ ಮೂಡುತ್ತದೆ. ನಿಮ್ಮದರಲ್ಲಿ ಸೀಸವಿದೆಯೋ ಇಲ್ಲವೋ ನೋಡಿ ಹೇಳಲಾಗದು. ಆದರೆ ಯಾವ ಕಾಲದ್ದೆಂದು ತಿಳಿಯದ, ಮುಟ್ಟಿದರೆ ಸುಣ್ಣದಂತೆ ಬಿಳಿಪುಡಿ ಕೈಗೆ ಹತ್ತುವ ಬ್ಲೈಂಡನ್ನು ಮಗುವಿನ ಕೈಗೆ ಸಿಗುವಂತೆ ಇಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ. ತೆಗೆಯುವಾಗ ಝಾಡಿಸಬೇಡಿ. ಒದ್ದೆ ಬಟ್ಟೆಯಿಂದ ಒರೆಸಿ, ಚೀಲದಲ್ಲಿ ಕಟ್ಟಿ ಹೊರಗೆ ಕಳಿಸಿ. ಕಿಟಕಿಯ ಕಟ್ಟೆ ಮತ್ತು ಕೆಳಗಿನ ನೆಲವನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಕೈ ತೊಳೆದುಕೊಳ್ಳಿ. ಮಗು ಅದನ್ನು ಬಾಯಿಗೆ ಹಾಕಿಕೊಳ್ಳುತ್ತಿತ್ತು ಎಂದಾದರೆ ಮಕ್ಕಳ ವೈದ್ಯರಿಗೆ ತಿಳಿಸಿ, ರಕ್ತ ಪರೀಕ್ಷೆಯಿಂದ ಗೊತ್ತಾಗುತ್ತದೆ.

ಮಗುವಿನ ಮಾತು ಬಂದದ್ದರಿಂದ, ನೀವು ಕೇಳದಿದ್ದರೂ ಇದನ್ನು ಹೇಳಲೇಬೇಕು. ಇಳಿಬಿದ್ದ ದಾರ ಮತ್ತು ಮಣಿಸರದ ಕುಣಿಕೆಗೆ ಕುತ್ತಿಗೆ ಸಿಕ್ಕಿ ಪುಟ್ಟ ಮಕ್ಕಳು ಸದ್ದಿಲ್ಲದೆ ಸತ್ತ ಪ್ರಕರಣಗಳು ಅನೇಕ ದೇಶಗಳಲ್ಲಿ ದಾಖಲಾಗಿವೆ. ರೋಲರ್‌ನ ಮಣಿಸರವನ್ನು ಗೋಡೆಗೆ ಬಿಗಿಯಾಗಿ ಹಿಡಿದಿಡುವ ಪುಟ್ಟ ಹಿಡಿಕೆಯನ್ನು ತೊಳೆಯುವಾಗ ಬಿಚ್ಚಿದ್ದರೆ ಅದೇ ದಿನ ಸ್ಕ್ರೂ ಹಾಕಿ ಮರಳಿ ಕೂರಿಸಿ. ಅದು ಇಲ್ಲವೇ ಇಲ್ಲವೆಂದಾದರೆ ಹೊಸದು ಹಾಕಿಸಿ. ಅಡುಗೆಮನೆಯ ದಾರ ಸುತ್ತಿಡಲು ನೆಲದಿಂದ ಕನಿಷ್ಠ 1.5 ಮೀಟರ್ ಎತ್ತರದಲ್ಲಿ ಕೊಕ್ಕೆ ಇರಲಿ. ಎರಡು ದಾರಗಳ ತುದಿಗಳನ್ನು ಸೇರಿಸಿ ಗಂಟು ಹಾಕಬೇಡಿ, ಅದೇ ಕುಣಿಕೆಯಾಗುತ್ತದೆ. ಮಗುವಿನ ಮಂಚ, ಹತ್ತಬಹುದಾದ ಕುರ್ಚಿ ಕಿಟಕಿಯಿಂದ ದೂರವಿರಲಿ. ಹಿಂದಿನ ಕೋಣೆಗೆ ಹೊಸದು ಕೊಳ್ಳುವಾಗ ದಾರವೇ ಇಲ್ಲದ ಬ್ಲೈಂಡನ್ನು ಕೇಳಿ. ಮರದ ಪಟ್ಟಿಗಳದ್ದನ್ನು ಆರಿಸಿದರೆ ಒಣ ಬಟ್ಟೆಯೇ ಸಾಕು ಎಂದು ನೆನಪಿಡಿ. ನೀರು ಕುಡಿದ ಮರ ಬಾಗುತ್ತದೆ.

ಎಷ್ಟು ದಿನಕ್ಕೊಮ್ಮೆ ಎಂದು ಕೇಳಿದ್ದೀರಿ. ಅಡುಗೆಮನೆಯದಕ್ಕೆ ವಾರಕ್ಕೊಮ್ಮೆ ಐದು ನಿಮಿಷ ಒಣ ಬಟ್ಟೆ, ಎರಡು ಮೂರು ತಿಂಗಳಿಗೊಮ್ಮೆ ಸೋಪು ನೀರು. ರೋಲರ್‌ಗೆ ತಿಂಗಳಿಗೊಮ್ಮೆ ಎರಡೂ ಬದಿ ಧೂಳು ತೆಗೆದರೆ ಸಾಕು, ಸ್ಪಂಜು ಆರು ತಿಂಗಳಿಗೊಮ್ಮೆ. ಬೆರಳಿನಿಂದ ಒಲೆಯ ಹತ್ತಿರದ ಪಟ್ಟಿಯೊಂದನ್ನು ಸವರಿ ನೋಡಿ: ಬೆರಳು ಜಾರಿದರೆ ಒಣ ಬಟ್ಟೆ ಸಾಕು, ತಡೆದರೆ ಸೋಪು ನೀರಿನ ದಿನ ಬಂದಿದೆ. ಒಲೆ ಉರಿಯುವಾಗ ಹೊಗೆ ಹೊರಹಾಕುವ ಫ್ಯಾನ್ ಹಾಕಿ, ಬ್ಲೈಂಡನ್ನು ಪೂರ್ತಿ ಮೇಲೆ ಎತ್ತಿಡಿ. ಆಗ ಎಣ್ಣೆ ಕೂರುವುದು ಅಂಚುಗಳ ಮೇಲೆ ಮಾತ್ರ, 140 ಮುಖಗಳ ಮೇಲೆ ಅಲ್ಲ.